ಗಜ್ಜುಗದ ಕಡಲಯಾನ



ಸಾಗರಗೋಟೆ ಆಟವನ್ನು ನಿಮ್ಮಲ್ಲಿ ಕೆಲವರಾದರೂ ಆಡಿರುತ್ತೀರಿ. ಆಡದವರು ನೆರೆಮನೆಯ ಮರಾಠಿ ಆಜಿಯನ್ನು ಕೇಳಿ ನೋಡಿ, ಅವರ ಮುಖ ಅರಳುತ್ತದೆ. ಐದಾರು ಕಾಯಿಗಳನ್ನು ನೆಲದ ಮೇಲೆ ಚೆಲ್ಲಿ, ಒಂದನ್ನು ಮೇಲಕ್ಕೆ ಚಿಮ್ಮಿ, ಅದು ಕೆಳಗೆ ಬರುವುದರೊಳಗೆ ಉಳಿದವನ್ನು ಬಾಚಿಕೊಂಡು ಅದನ್ನೂ ಹಿಡಿಯಬೇಕು. ಈಗ ಕಲ್ಲೋ ಪ್ಲಾಸ್ಟಿಕ್ಕೋ ಯಾವುದಾದರೂ ನಡೆಯುತ್ತದೆ. ಆದರೆ ಆಟಕ್ಕೆ ಹೆಸರು ಕೊಟ್ಟದ್ದು ಬೂದು ಬಣ್ಣದ, ಗೋಲಿಯಷ್ಟು ಗಾತ್ರದ, ಕಲ್ಲಿನಷ್ಟು ಗಟ್ಟಿಯಾದ ಒಂದು ಬೀಜ. ಮರಾಠಿಯಲ್ಲಿ ಅದು ಸಾಗರಗೋಟಾ, ಅಂದರೆ ಕಡಲಿನ ಗುಂಡು. ಕನ್ನಡದಲ್ಲಿ ಅದೇ ಗಜ್ಜುಗ.

ಗಜ್ಜುಗದ ಗಿಡ ಮೈಯೆಲ್ಲ ಮುಳ್ಳು. ಬೇಲಿಗಳಲ್ಲಿ, ಕಡಲ ತೀರದ ಪೊದೆಗಳಲ್ಲಿ ಹಬ್ಬಿಕೊಂಡಿರುತ್ತದೆ. ಕಾಯಿಯ ಮೇಲೂ ಮುಳ್ಳು, ಒಳಗೆ ಒಂದೋ ಎರಡೋ ಬೀಜ. ಊರಿನ ಹುಡುಗರು ಆ ಬೀಜವನ್ನು ಕಲ್ಲಿನ ಮೇಲೆ ಗಸಗಸ ಉಜ್ಜಿ, ಅದು ಕಾದ ಕೂಡಲೇ ಪಕ್ಕದವನ ತೋಳಿಗೆ ಚುರ್‌ ಎನ್ನಿಸಿ ಓಡಿಹೋಗುತ್ತಿದ್ದರು. ನಿಮ್ಮ ಅಪ್ಪನೋ ದೊಡ್ಡಪ್ಪನೋ ಈ ಕಿತಾಪತಿ ಮಾಡಿಯೇ ಇರುತ್ತಾರೆ. ಅಳಗುಳಿಮಣೆಗೂ, ಅಂದರೆ ನಮ್ಮ ಕರಾವಳಿಯವರ ಚೆನ್ನೆಮಣೆಗೂ, ಹುಣಸೆ ಬೀಜ, ಮಂಜಟ್ಟಿ, ಗಜ್ಜುಗ ಹೀಗೆ ಕೈಗೆ ಸಿಕ್ಕಿದ ಬೀಜಗಳೇ ಆಗುತ್ತಿದ್ದವು.

ಈಗ ಭೂಗೋಳದ ಇನ್ನೊಂದು ಬದಿಗೆ ಹೋಗೋಣ. ಕೆರಿಬಿಯನ್ ಸಮುದ್ರದಲ್ಲಿ ಆಂಟಿಗುವಾ ಎಂಬ ದ್ವೀಪವಿದೆ. ಕ್ರಿಕೆಟ್ ನೋಡುವವರಿಗೆ ಅದು ವಿವಿಯನ್ ರಿಚರ್ಡ್ಸ್ ಹುಟ್ಟಿದ ದ್ವೀಪ. ಅಲ್ಲಿ ವಾರಿ ಎಂಬ ಮಣೆಯಾಟವಿದೆ. ಆಫ್ರಿಕದಿಂದ ಗುಲಾಮರನ್ನಾಗಿ ಹಿಡಿದೊಯ್ದ ಜನ ಸಂಗಡ ಒಯ್ದ ಆಟ ಅದು. ನಮ್ಮ ಮಣೆಯಲ್ಲಿ ಹದಿನಾಲ್ಕು ಕುಳಿ, ಅವರದರಲ್ಲಿ ಹನ್ನೆರಡು. ಪ್ರತಿ ಕುಳಿಗೆ ನಾಲ್ಕು ಬೀಜ. ಆ ಬೀಜ ಯಾವುದು ಬಲ್ಲಿರಾ? ಗಜ್ಜುಗವೇ! ಅದಕ್ಕೆ ಇಂಗ್ಲಿಷಿನಲ್ಲಿ ನಿಕರ್ ನಟ್ ಎನ್ನುತ್ತಾರೆ. ಡಚ್ ಭಾಷೆಯಲ್ಲಿ ಗೋಲಿಗೆ ಇರುವ ಪದದಿಂದ ಆ ಹೆಸರು ಬಂದಿದೆ. ಎಲ್ಲಿ ಹೋದರೂ ಮಕ್ಕಳು ಈ ಬೀಜವನ್ನು ಆಟಕ್ಕೇ ಎತ್ತಿಕೊಂಡಿದ್ದಾರೆ ನೋಡಿ.

ಹೀಗೆ ಒಂದೇ ಗಿಡ ಲೋಕದ ಬಿಸಿ ನಾಡುಗಳ ಕಡಲ ತೀರಗಳಲ್ಲೆಲ್ಲ ಹರಡಿದ್ದು ಹೇಗೆ? ಹಕ್ಕಿ ನುಂಗಿ ಒಯ್ಯುವಂಥ ಬೀಜವಲ್ಲ, ಗಾಳಿಗೆ ಹಾರುವಂಥದೂ ಅಲ್ಲ. ಮರಾಠಿ ಹೆಸರಿನಲ್ಲಿಯೇ ಉತ್ತರವಿದೆ. ಅದನ್ನು ಹೊತ್ತು ತಿರುಗಿದ್ದು ಸಾಗರ. ಎರಡು ಭಾಷೆ ಬಲ್ಲವರಿಗೆ ಇದೊಂದು ಲಾಭ. ಒಂದು ಭಾಷೆ ಹೇಳದೆ ಬಿಟ್ಟದ್ದನ್ನು ಇನ್ನೊಂದು ಹೇಳಿಬಿಡುತ್ತದೆ.

ಕಡಲು ದಾಟುವ ಬೀಜ ಮೂರು ಪರೀಕ್ಷೆಗಳಲ್ಲಿ ಪಾಸಾಗಬೇಕು. ಮೊದಲನೆಯದು, ಮುಳುಗದೆ ತೇಲಬೇಕು. ಎರಡನೆಯದು, ತೇಲುವಷ್ಟು ಕಾಲವೂ ಒಳಗೆ ಜೀವ ಉಳಿದಿರಬೇಕು. ಮೂರನೆಯದು, ದಡ ಸೇರಿದ ಮೇಲೆ ಬೇರು ಬಿಡಬೇಕು. ಒಂದೊಂದಾಗಿ ನೋಡೋಣ.

ತೇಲುವ ಗುಟ್ಟು ತಿಳಿಯಲು ಅಡುಗೆಮನೆಗೆ ಬನ್ನಿ. ಗಜ್ಜುಗವೂ ನಮ್ಮ ಅವರೆ, ತೊಗರಿ, ಹುರುಳಿಗಳ ಬಳಗಕ್ಕೇ ಸೇರಿದ್ದು. ಆ ಕಾಳುಗಳಲ್ಲಿರುವಂತೆ ಇದರೊಳಗೂ ಎರಡು ಬೇಳೆಗಳಿವೆ. ಆ ಬೇಳೆಗಳ ನಡುವೆ ಗಾಳಿ ತುಂಬಿದ ಟೊಳ್ಳು ಜಾಗ ಇರುವುದರಿಂದ ಬೀಜ ನೀರಿನ ಮೇಲೆ ನಿಲ್ಲುತ್ತದೆ. ಇನ್ನು ಹೊರಗಿನ ಸಿಪ್ಪೆ. ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ನೋಡಿದರೆ ಒಂದೆರಡು ಕಾಳು ಉಬ್ಬದೆ ಕಲ್ಲಿನ ಹಾಗೆ ಹಾಗೆಯೇ ಉಳಿದಿರುತ್ತವೆ, ಅಲ್ಲವೇ? ಅವುಗಳ ಸಿಪ್ಪೆ ನೀರನ್ನು ಒಳಗೆ ಬಿಟ್ಟಿರುವುದಿಲ್ಲ. ನಾವು ಆರಿಸಿ ಬಿಸಾಡುವ ಆ ಕಾಳಿನ ಗುಣವೇ ಗಜ್ಜುಗದ ದೊಡ್ಡ ಬಂಡವಾಳ. ವರ್ಷಗಟ್ಟಲೆ ಉಪ್ಪು ನೀರಿನಲ್ಲಿದ್ದರೂ ಅದರ ಒಳಗೆ ಒಂದು ಹನಿ ಇಳಿಯುವುದಿಲ್ಲ.

ಇದೇ ಬಳಗದ ಇನ್ನೊಂದು ಮಹಾಯಾತ್ರಿಕ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿದೆ. ಮರಗಳ ತುದಿಯವರೆಗೆ ಹತ್ತುವ ದಪ್ಪ ಬಳ್ಳಿ. ಕತ್ತಿಯಂತೆ ಜೋತುಬೀಳುವ ಅದರ ಕಾಯಿ ಒಂದು ಮೀಟರಿಗೂ ಉದ್ದ ಬೆಳೆಯುತ್ತದೆ. ಒಳಗೆ ಅಂಗೈಯಲ್ಲಿ ಕೂರುವಂಥ ಕಂದು ಬಣ್ಣದ ಚಪ್ಪಟೆ ಬೀಜಗಳು. ಕನ್ನಡದಲ್ಲಿ ಹಲ್ಲೆಕಾಯಿ, ಗಣಪೆಕಾಯಿ ಎಂಬ ಹೆಸರುಗಳಿವೆ, ಮರಾಠಿಯಲ್ಲಿ ಗಾರಂಬಿ. ಇದರ ದಾಯಾದಿಯೊಂದು ವೆಸ್ಟ್ ಇಂಡೀಸ್ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿದೆ. ಅದರ ಬೀಜ ಹೃದಯದ ಆಕಾರದ್ದು. ಮಳೆಗೆ ಹೊಳೆಯಲ್ಲಿ ಬಿದ್ದು, ಹೊಳೆಯಿಂದ ಕಡಲಿಗೆ ಸೇರಿ, ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹದಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿ, ವರ್ಷಕ್ಕೂ ಮೇಲೆ ತೇಲಿ, ಅದು ಐರ್ಲೆಂಡ್, ಸ್ಕಾಟ್ಲೆಂಡ್, ನಾರ್ವೆಗಳ ದಡ ಸೇರುತ್ತದೆ.

ಆ ಚಳಿಯ ನಾಡಿನ ಬೆಸ್ತರಿಗೆ ಇವು ಎಲ್ಲಿಂದ ಬಂದವೆಂದು ಹೇಗೆ ತಿಳಿಯಬೇಕು? ಅಂಥ ಕಾಯಿ ಬಿಡುವ ಒಂದು ಮರವೂ ಅವರ ಊರಿನಲ್ಲಿಲ್ಲ. ಹಾನ್ಸ್ ಸ್ಲೋನ್ ಎಂಬ ಐರ್ಲೆಂಡ್ ಮೂಲದ ವೈದ್ಯ 1687ರಿಂದ 1689ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಗಿಡಮರಗಳನ್ನು ಕಂಡು ಬಂದಿದ್ದ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ದಡಕ್ಕೆ ಬಂದು ಬಿದ್ದ ವಿಚಿತ್ರ ಕಾಳುಗಳನ್ನು ನೋಡಿ, ಇವು ಜಮೈಕಾ ಕಡೆಯವು ಎಂದು ಗುರುತಿಸಿ 1696ರಲ್ಲಿ ಬರೆದ. ಇದೇ ಸ್ಲೋನ್‌ನ ಸಂಗ್ರಹದಿಂದಲೇ ಮುಂದೆ ಬ್ರಿಟಿಷ್ ಮ್ಯೂಸಿಯಂ ಹುಟ್ಟಿತು.

ಆ ದ್ವೀಪಗಳ ಜನ ಈ ಬೀಜಗಳನ್ನು ಏನು ಮಾಡುತ್ತಿದ್ದರು ಎಂಬುದು ಇನ್ನೂ ಸ್ವಾರಸ್ಯ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಬಗ್ಗೆ ಮಾರ್ಟಿನ್ ಮಾರ್ಟಿನ್ ಎಂಬಾತ 1703ರಲ್ಲಿ ಒಂದು ಪುಸ್ತಕ ತಂದ. ಅಲ್ಲಿನ ತಾಯಂದಿರು ಬಿಳಿ ಬಣ್ಣದ ಕಾಯಿಯನ್ನು ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರಂತೆ. ಮಗುವಿಗೆ ಯಾರಾದರೂ ಕೇಡು ಬಗೆದರೆ ಕಾಯಿ ಕಪ್ಪಾಗುತ್ತದೆ ಎಂದು ನಂಬಿಕೆ. ಆ ಬಿಳಿ ಕಾಯಿ ಗಜ್ಜುಗವೆಂದೇ ಬಲ್ಲವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆಯೇ! ಇನ್ನೊಂದು ಬೀಜದ ಮೇಲೆ ಶಿಲುಬೆಯಂಥ ಗೆರೆ ಇರುತ್ತದೆ. ಅದಕ್ಕೆ ಮೇರಿ ಮಾತೆಯ ಹೆಸರು. ಹೆರಿಗೆಯ ನೋವಿನಲ್ಲಿ ಹೆಂಗಸರು ಅದನ್ನು ಕೈಯಲ್ಲಿ ಬಿಗಿಹಿಡಿಯುತ್ತಿದ್ದರು. ತಾಯಿಯಿಂದ ಮಗಳಿಗೆ ಅದು ಬಳುವಳಿಯಾಗಿ ಹೋಗುತ್ತಿತ್ತು. ಹೃದಯದಾಕಾರದ ಬೀಜದಿಂದ ನಶ್ಯದ ಡಬ್ಬಿಗಳನ್ನೂ ಮಾಡುತ್ತಿದ್ದರು.

ಎರಡನೆಯ ಪರೀಕ್ಷೆ ಜೀವದ್ದು. ಇದನ್ನು ಮನೆಯಲ್ಲಿಯೇ ಕುಳಿತು ಪರೀಕ್ಷಿಸಿದವರು ಚಾರ್ಲ್ಸ್ ಡಾರ್ವಿನ್. ಅವರ 1859ರ ಪುಸ್ತಕ ಇಂಗ್ಲಿಷ್ ಸಾಹಿತ್ಯ ಓದಿದ ನನ್ನಂಥವರೂ ಸಲೀಸಾಗಿ ಓದಬಹುದಾದದ್ದು. ಉಪ್ಪು ನೀರಿನಲ್ಲಿ ಬೀಜಗಳನ್ನು ನೆನೆಹಾಕಿ, ದಿನ ಎಣಿಸಿ, ಆಮೇಲೆ ಮಣ್ಣಿನಲ್ಲಿ ಬಿತ್ತಿ ನೋಡಿದರು. ಮನೆಯ ಮಕ್ಕಳಿಗೂ ಅದರದೇ ಕುತೂಹಲ. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ಉಪ್ಪು ನೀರಿನಲ್ಲಿದ್ದ ಮೇಲೂ ಮೊಳೆತವು. ಕೆಲವಂತೂ 137 ದಿನ ತಾಳಿದವು. ಅಟ್ಲಾಂಟಿಕ್ ಪ್ರವಾಹಗಳ ಸರಾಸರಿ ವೇಗ ದಿನಕ್ಕೆ 33 ಮೈಲಿ. ಅಂದರೆ 28 ದಿನಗಳಲ್ಲಿ 924 ಮೈಲಿ. ತೇಲುವ ಶಕ್ತಿ, ಮೊಳೆಯುವ ಶಕ್ತಿ ಎರಡನ್ನೂ ಲೆಕ್ಕಕ್ಕೆ ಹಿಡಿದು, ನೂರು ಜಾತಿಯ ಗಿಡಗಳಲ್ಲಿ ಹದಿನಾಲ್ಕಾದರೂ ಅಷ್ಟು ದೂರ ಹೋಗಬಲ್ಲವು ಎಂದರು. ಕಡಲನ್ನು ಗೋಡೆ ಎಂದುಕೊಂಡಿದ್ದವರಿಗೆ ಅದು ದಾರಿಯೂ ಹೌದೆಂದು ತೋರಿಸಲು ಬೇಕಾದದ್ದು ಉಪ್ಪು, ನೀರು ಮತ್ತು ತಾಳ್ಮೆ.

ತೆಂಗಿನಕಾಯಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ನಾರಿನ ಕವಚ ತೊಟ್ಟು, ಬುತ್ತಿ ಮತ್ತು ನೀರು ಎರಡನ್ನೂ ಕಟ್ಟಿಕೊಂಡು ಹೊರಟ ಪ್ರಯಾಣಿಕ ಅದು. ಆದರೆ ನಾಲ್ಕು ತಿಂಗಳ ಹತ್ತಿರ ಬರುವಷ್ಟರಲ್ಲಿ ಅದರ ಮೊಳೆಯುವ ಶಕ್ತಿ ಉಡುಗುತ್ತದೆ. ಥಾರ್ ಹೆಯರ್‌ದಾಲ್ 1947ರಲ್ಲಿ ಕೋನ್‌ಟಿಕಿ ಎಂಬ ತೆಪ್ಪದಲ್ಲಿ 101 ದಿನ ಪೆಸಿಫಿಕ್ ಸಾಗರದಲ್ಲಿ ಹೋದಾಗ, ತೆಪ್ಪದ ಮೇಲೆ ಇಟ್ಟಿದ್ದ ಕಾಯಿಗಳು ಮೊಳೆತಿದ್ದವು, ಕೆಳಗೆ ಸಮುದ್ರದ ನೀರಿಗೆ ಸಿಕ್ಕವು ಕೆಟ್ಟಿದ್ದವು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಲೋಕದ ತೆಂಗುಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ ಎಂದು ತೋರಿಸಿತು. ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ನಮ್ಮ ದಕ್ಷಿಣ ಭಾರತ, ಶ್ರೀಲಂಕಾ, ಮಾಲ್ದೀವ್ಸ್ ಕಡೆಯದು. ಅಟ್ಲಾಂಟಿಕ್ ತೀರದಲ್ಲಿರುವುದು ನಮ್ಮ ಕಡೆಯ ಗುಂಪು. ಅದು ಅಲ್ಲಿಗೆ ತೇಲಿ ಹೋದದ್ದಲ್ಲ, ಪೋರ್ಚುಗೀಸರು ಹಡಗಿನಲ್ಲಿ ಒಯ್ದದ್ದು. ಎಲ್ಲವನ್ನೂ ಕಡಲೇ ಮಾಡುವುದಿಲ್ಲ, ಕೆಲವಕ್ಕೆ ಮನುಷ್ಯನ ಕೈ ಬೇಕು.

ಎರಡನೆಯ ಪರೀಕ್ಷೆಯಲ್ಲಿ ಫೇಲಾದವರನ್ನೂ ನೋಡಿಬಿಡಿ. ಸಾಧುಗಳ ಕೈಯಲ್ಲಿ, ಫಕೀರರ ಕೈಯಲ್ಲಿ ದೋಣಿಯಾಕಾರದ ಕಪ್ಪು ಕಮಂಡಲು ಕಂಡಿದ್ದೀರಾ? ದರಿಯಾಯಿ ನಾರಿಯಲ್ ಎಂಬ ಜೋಡಿ ತೆಂಗಿನ ಚಿಪ್ಪಿನ ಅರ್ಧ ಅದು. ಇಡೀ ಸಸ್ಯಲೋಕದಲ್ಲಿ ಅತಿ ದೊಡ್ಡ ಬೀಜ ಅದರದು. ಮಾಲ್ದೀವ್ಸ್ ದಡಕ್ಕೆ ಅದು ಬಂದು ಬೀಳುತ್ತಿತ್ತು, ಆದರೆ ಅದರ ಮರವನ್ನು ಕಂಡವರೇ ಇಲ್ಲ. ಕಡಲ ತಳದಲ್ಲಿ ಬೆಳೆಯುತ್ತದೆ ಎಂದರು ಕೆಲವರು. ವಿಷಕ್ಕೆ ಮದ್ದು ಎಂದು ರಾಜರು ಅದಕ್ಕೆ ಹೊನ್ನು ಸುರಿದರು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ಟಾನ ಪುಸ್ತಕದಲ್ಲಿಯೂ ಇದರ ಚರ್ಚೆ ಇದೆ. ಕೊನೆಗೆ 1768ರಲ್ಲಿ ಮರ ಸಿಕ್ಕಿದ್ದು ಸೆಶೆಲ್ಸ್‌ನಲ್ಲಿ. ಅದು ತಾನಾಗಿ ಬೆಳೆಯುವುದು ಅಲ್ಲಿನ ಪ್ರಾಲಾಂ, ಕ್ಯೂರಿಯೂಸ್ ಎಂಬ ಎರಡು ದ್ವೀಪಗಳಲ್ಲಿ ಮಾತ್ರ. ಕಾರಣ ಸರಳ. ಜೀವವಿರುವ ಕಾಯಿ ನೀರಿಗೆ ಬಿದ್ದರೆ ಮುಳುಗುತ್ತದೆ. ಒಳಗಿನ ತಿರುಳು ಕೊಳೆತು ಟೊಳ್ಳಾದ ಮೇಲೆ ಮಾತ್ರ ತೇಲುತ್ತದೆ. ಸಾವಿರಾರು ಮೈಲಿ ಹೋದರೂ ಅದು ಹೋಗುವುದು ಬರಿಯ ಚಿಪ್ಪಾಗಿ.

ಇನ್ನು ಮೂರನೆಯ ಪರೀಕ್ಷೆ, ಎಲ್ಲಕ್ಕಿಂತ ಕಠಿಣವಾದದ್ದು. ನಾರ್ವೆಯ ದಡ ಸೇರಿದ ಬೀಜಗಳಲ್ಲಿ ಎಷ್ಟೋ ಜೀವಂತವಾಗಿಯೇ ಇರುತ್ತವೆ. ಆದರೂ ಅಲ್ಲಿ ಒಂದೂ ಬಳ್ಳಿಯಾಗುವುದಿಲ್ಲ. ಚಳಿ ಒಂದು ಕಾರಣ. ಇನ್ನೊಂದು ಕಾರಣ ಆ ಗಟ್ಟಿ ಸಿಪ್ಪೆಯೇ. ಕಡಲಿನಲ್ಲಿ ಕಾಪಾಡಿದ ಸಿಪ್ಪೆ ದಡದಲ್ಲಿ ಸಿಹಿನೀರನ್ನೂ ಒಳಗೆ ಬಿಡುವುದಿಲ್ಲ. ಮರಳಿಗೆ, ಕಲ್ಲಿಗೆ ಉಜ್ಜಿ ಉಜ್ಜಿ ಎಲ್ಲಾದರೂ ಒಂದು ಗೀರು ಬಿದ್ದರೆ ಮಾತ್ರ ನೀರು ಇಳಿಯುತ್ತದೆ, ಬೇಳೆ ಉಬ್ಬುತ್ತದೆ, ಮೊಳಕೆ ಹೊರಡುತ್ತದೆ. ತೋಟಗಾರರು ಇಂಥ ಬೀಜಗಳನ್ನು ಅರದಿಂದ ಉಜ್ಜಿಯೇ ಬಿತ್ತುವುದು.

ಹೀಗಿದ್ದೂ ಒಂದು ಗಜ್ಜುಗ ಐರ್ಲೆಂಡಿನಲ್ಲಿ ಗಿಡವಾದ ದಾಖಲೆ ಇದೆ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1818ರಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಐರ್ಲೆಂಡಿನ ಪಶ್ಚಿಮ ದಡದಲ್ಲಿ ಸಿಕ್ಕ ಬೀಜವೊಂದನ್ನು ಯಾರೋ ಬೆಳೆಸಿ, ಆ ಗಿಡದ ಚಿತ್ರವನ್ನು ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಳಿಸಿದ್ದರು. ಚಿತ್ರದಲ್ಲಿದ್ದುದು ನಿಸ್ಸಂದೇಹವಾಗಿ ಗಜ್ಜುಗ. ಅದೇ ಕಡಲ ಸೀಮೆಯಲ್ಲಿ ಎಷ್ಟೋ ತಲೆಮಾರು ಜನ ಇಂಥ ಬೀಜವನ್ನು ತಾಯಿತವಾಗಿ ಕಟ್ಟಿಕೊಂಡಿದ್ದರು, ಡಬ್ಬಿ ಮಾಡಿಕೊಂಡಿದ್ದರು. ಇವರೊಬ್ಬರು ಅದನ್ನು ಮಣ್ಣಿಗೆ ಹಾಕಿ ನೋಡಿದರು. ಈ ವ್ಯತ್ಯಾಸವನ್ನು ನಿಮಗೆ ಹೇಳಬೇಕೆಂದೇ ಇಷ್ಟು ದೂರ ಕರೆದುಕೊಂಡು ಬಂದೆ.

ಸಂಘದ ಯುವ ವಿಭಾಗದ ಸಭೆಯಲ್ಲಿ ಇತ್ತೀಚೆಗೆ ಒಬ್ಬ ಹುಡುಗಿ ನನ್ನನ್ನು ಕೇಳಿದಳು, "ಆಂಟಿ, ರಜೆಗೆ ಊರಿಗೆ ಹೋದರೆ ಬಾಂಬೆಯವರು ಬಂದ್ರು ಅಂತಾರೆ. ಇಲ್ಲಿ ಸ್ಕೂಲಲ್ಲಿ ಮದ್ರಾಸಿ ಅಂತಿದ್ರು. ನನಗೆ ಕನ್ನಡ ಓದೋಕೆ ಬರಲ್ಲ, ಮಾತಾಡಿದ್ರೆ ಅಜ್ಜಿ ನಗ್ತಾರೆ. ನಾನು ಕನ್ನಡದವಳು ಅಂತ ಹೇಳಿಕೊಳ್ಳೋದು ಸುಳ್ಳಲ್ವಾ?" ಅಲ್ಲಿದ್ದ ಹಿರಿಯರೊಬ್ಬರು, "ಸುಳ್ಳು ಯಾಕಮ್ಮ, ನವೆಂಬರಿನಲ್ಲಿ ಬಂದು ಡ್ಯಾನ್ಸ್ ಮಾಡ್ತೀಯಲ್ಲ" ಎಂದರು. ಅವಳು ಸುಮ್ಮನಾದಳು. ಅವಳಿಗೆ ಬೇಕಾಗಿದ್ದ ಉತ್ತರ ಅದಾಗಿರಲಿಲ್ಲ.

ಮನುಷ್ಯರು ಬೀಜಗಳಲ್ಲ, ನಿಜ. ನಿಮ್ಮ ಹಿರಿಯರು ಅಲೆ ಎಳೆದತ್ತ ತೇಲಿ ಬಂದವರಲ್ಲ. ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿಯಾಗುವುದಕ್ಕೆ ಬಹಳ ಮೊದಲೇ, ಹಡಗಿನಲ್ಲಿ, ಬಸ್ಸಿನಲ್ಲಿ, ಟ್ರಂಕು ಹಾಸಿಗೆ ಕಟ್ಟಿಕೊಂಡು, ದುಡಿಯಬೇಕೆಂದು ತೀರ್ಮಾನಿಸಿ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಈ ಮುಂಬಯಿಯಲ್ಲಿ ಎಷ್ಟು ಮಂದಿ! ಅವರಿಗೆ ಗಟ್ಟಿ ಸಿಪ್ಪೆ ಬೇಕಿತ್ತು. ಭಾಷೆ, ಊಟ, ಹಬ್ಬ, ಜಾತ್ರೆಯ ನೆನಪು ಎಲ್ಲವನ್ನೂ ನೀರು ಸೋಕದ ಹಾಗೆ ಮುಚ್ಚಿಟ್ಟುಕೊಂಡಿದ್ದರಿಂದಲೇ ಅವು ನಿಮ್ಮವರೆಗೆ ಬಂದಿವೆ. ಅದಕ್ಕಾಗಿ ಅವರನ್ನು ಹಳೆಯ ಕಾಲದವರು ಎಂದು ನಗಬೇಡಿ.

ಆದರೆ ನೀವು ಕಡಲಿನಲ್ಲಿಲ್ಲ, ದಡದಲ್ಲಿದ್ದೀರಿ. ಇಲ್ಲಿಯೇ ಹುಟ್ಟಿದವರು. ನಿಮ್ಮ ಕೈಯಲ್ಲಿರುವ ಕನ್ನಡವನ್ನು ವರ್ಷಕ್ಕೊಮ್ಮೆ ಹೊರತೆಗೆದು, ಒರೆಸಿ, ಕೊರಳಿಗೆ ಕಟ್ಟಿಕೊಂಡು, ಮತ್ತೆ ಪೆಟ್ಟಿಗೆಯಲ್ಲಿಡಬಹುದು. ಅದು ತಾಯಿತ. ಚೆನ್ನಾಗಿ ಹೊಳೆಯುತ್ತದೆ, ಮೊಳೆಯುವುದಿಲ್ಲ. ಇಲ್ಲವೇ ಅದಕ್ಕೆ ಒಂದು ಗೀರು ಹಾಕಬಹುದು. ಗೀರು ಹಾಕಿದರೆ ಹೊಳಪು ಹೋಗುತ್ತದೆ. ತಪ್ಪು ತಪ್ಪಾಗಿ ಮಾತಾಡುತ್ತೀರಿ, ನಡುವೆ ಮರಾಠಿ ಬರುತ್ತದೆ, ಅಜ್ಜಿ ನಗುತ್ತಾರೆ. ನಗಲಿ. ಈ ಊರಿನ ನೀರು ಒಳಗೆ ಇಳಿಯುವುದು ಆ ಗೀರಿನಿಂದಲೇ.

ಸಿಪ್ಪೆ ಒಡೆದರೆ ಎಲ್ಲ ಕಳೆದುಹೋಗುತ್ತದೆ ಎಂದು ನನ್ನ ವಯಸ್ಸಿನವರು ಹೆದರುತ್ತೇವೆ. ಗಜ್ಜುಗವನ್ನು ನೋಡಿದರೆ ಆ ಹೆದರಿಕೆ ಬೇಡ ಅನ್ನಿಸುತ್ತದೆ. ಮೊಳೆತಾಗ ಅದು ಕಳೆದುಕೊಳ್ಳುವುದು ಸಿಪ್ಪೆಯನ್ನು, ಜಾತಿಯನ್ನಲ್ಲ. ಆಂಟಿಗುವಾದ ಮಣ್ಣಿನಲ್ಲಿ ಬೆಳೆದರೂ ಅದು ಗಜ್ಜುಗವೇ, ಅದೇ ಮುಳ್ಳು, ಅದೇ ಬೂದು ಬೀಜ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬಾಳಿ 1979ರಲ್ಲಿ 'ಶಿಕಾರಿ' ಬರೆದರು. ಅದರ ತುಂಬ ಈ ಮಹಾನಗರವೇ ಇದೆ, ಕನ್ನಡವೂ ಅಷ್ಟೇ ಗಟ್ಟಿಯಾಗಿದೆ. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ 2018ರ ಡಿಎಸ್‌ಸಿ ಬಹುಮಾನ ಪಡೆದವು. ಅನುವಾದಿತ ಕೃತಿಗೆ ಆ ಬಹುಮಾನ ಬಂದದ್ದು ಅದೇ ಮೊದಲು. ಇವರಿಬ್ಬರೂ ಊರಿನಿಂದ ಬಂದವರು. ಇಲ್ಲಿಯೇ ಹುಟ್ಟಿದವರ ಬೆಳೆ ಹೇಗಿರುತ್ತದೆಂದು ತೋರಿಸಬೇಕಾದವರು ನೀವು. ಆ ಹುಡುಗಿಗೆ ನಾನು ಹೇಳುವುದೂ ಇಷ್ಟೇ. ಓದಲು ಬರದಿರುವುದು ಸುಳ್ಳಿನ ಗುರುತಲ್ಲಮ್ಮ. ಅಕ್ಷರ ಕಲಿಯಲು ವಯಸ್ಸು ಮೀರಿಲ್ಲ. ನೀನು ಕನ್ನಡದವಳು ಹೌದೋ ಅಲ್ಲವೋ ಎಂದು ಬೇರೆಯವರನ್ನು ಕೇಳುತ್ತ ಕೂರಬೇಡ, ಅದರಲ್ಲಿ ಏನಾದರೂ ಬೆಳೆ.

ಕೊನೆಯಲ್ಲಿ ನಿಮಗೊಂದು ಕೆಲಸ. ನಮ್ಮ ಅರಬ್ಬಿ ಸಮುದ್ರದ್ದು ಒಂದು ವಿಶೇಷ, ಅದರ ಪ್ರವಾಹ ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಪಶ್ಚಿಮ ಕರಾವಳಿಯ ಉದ್ದಕ್ಕೂ ಮಳೆಗಾಲದಲ್ಲಿ ನೀರು ದಕ್ಷಿಣಕ್ಕೆ ಹರಿದರೆ, ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರಕ್ಕೆ ಹರಿಯುತ್ತದೆ. ಕಾರವಾರದಲ್ಲಿ ಬಿದ್ದ ಬೀಜ ಆ ಕಾಲದಲ್ಲಿ ನಮ್ಮ ಕಡೆಗೂ ಬರಬಹುದು. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಜುಹುವಿಗೋ ವಸಾಯಿ ಕಡೆಯ ತೀರಕ್ಕೋ ಹೋಗಿ, ಅಲೆ ಬಿಟ್ಟುಹೋದ ಕಸದ ಗೆರೆಯುದ್ದಕ್ಕೆ ಹುಡುಕಿ. ಹೊಂಗೆಯ ಕಾಯಿ ಸಿಗಬಹುದು, ಸುರಹೊನ್ನೆ ಸಿಗಬಹುದು, ಅದೃಷ್ಟವಿದ್ದರೆ ಗಜ್ಜುಗ. ಸಿಕ್ಕಿದ್ದನ್ನು ಬಾಯಿಗೆ ಮಾತ್ರ ಹಾಕಬೇಡಿ.

ಗಜ್ಜುಗ ಸಿಕ್ಕರೆ ಅದರ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ, ಒಳಗಿನ ಬಣ್ಣ ಕಾಣುವವರೆಗೆ. ಕಾದ ಬೀಜವನ್ನು ತಮ್ಮನ ತೋಳಿಗೆ ಮುಟ್ಟಿಸುವ ಆಸೆಯಾದರೆ ತಡೆದುಕೊಳ್ಳಿ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಉಬ್ಬಿದ್ದರೆ ಬಾಲ್ಕನಿಯ ಕುಂಡದಲ್ಲಿ ಊರಿ. ಉಬ್ಬದಿದ್ದರೆ ಇನ್ನೊಂದಿಷ್ಟು ಉಜ್ಜಿ. ಮೊಳೆತರೆ ನನಗೆ ಒಂದು ಕಾಗದ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಈ ಅಂಕಣದಲ್ಲಿಯೇ ಹಾಕುತ್ತೇನೆ.